ಹಸಿರುಗಟ್ಟಿದ ಈಜುಕೊಳ: ನೀರು ಚೆಲ್ಲದೆ ತಿಳಿಗೊಳಿಸುವ ಕ್ರಮ

ಮಳೆಗಾಲ ಕಳೆದು ಸೆಪ್ಟೆಂಬರ್ ಕೊನೆಗೆ ಬಿಸಿಲು ಬೀಳುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ಮನೆಗಳಲ್ಲಿ ಈಜುಕೊಳ ಹಸಿರುಗಟ್ಟಿರುವುದು ತೀರಾ ಸಾಮಾನ್ಯ. ಮೂರು ತಿಂಗಳು ಯಾರೂ ನೀರಿಗಿಳಿದಿರುವುದಿಲ್ಲ. ಕರೆಂಟ್ ಇಲ್ಲದ ದಿನಗಳಲ್ಲಿ ಪಂಪ್ ನಿಂತಿರುತ್ತದೆ. ಸಿಲ್ವರ್ ಓಕ್ ಎಲೆಗಳು ತಳದಲ್ಲಿ ಕೊಳೆತು ಮಡ್ಡಿಯಾಗಿರುತ್ತವೆ. ಅತ್ತ ದಸರಾ ರಜೆಗೆ ಅತಿಥಿಗಳು ಬರುವ ದಿನ ಹತ್ತಿರವಾಗುತ್ತಿರುತ್ತದೆ. ಆಗ ಮನೆಯವರಿಗೆ ತೋಚುವ ಉಪಾಯ ಒಂದೇ: ನೀರನ್ನೆಲ್ಲ ಹೊರಕ್ಕೆ ಬಿಟ್ಟು, ತಿಕ್ಕಿ ತೊಳೆದು, ಹೊಸ ನೀರು ತುಂಬಿಸುವುದು. ಬೆಂಗಳೂರಿನ ಸುತ್ತಲಿನ ಫಾರ್ಮ್‌ಹೌಸ್‌ಗಳಲ್ಲಿಯೂ ಇದೇ ನಡೆಯುತ್ತದೆ. ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

40,000 ಲೀಟರ್ ಹಿಡಿಸುವ ಸಣ್ಣ ಕೊಳವನ್ನು ತುಂಬಿಸಲು 6,000 ಲೀಟರಿನ ಟ್ಯಾಂಕರ್ ಏಳು ಸಲ ಬರಬೇಕು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೀರಿಗೆ ಬರವಿಲ್ಲ, ನಿಜ. ಆದರೆ ಅಲ್ಲಿ ಬೇರೊಂದು ಅಪಾಯವಿದೆ. ಮಳೆ ಕುಡಿದ ನೆಲದಲ್ಲಿ ಅಂತರ್ಜಲ ಮೇಲಕ್ಕೆ ಬಂದಿರುತ್ತದೆ. ಕೊಳದೊಳಗಿನ ನೀರಿನ ಭಾರ ಇಲ್ಲವಾದೊಡನೆ ಹೊರಗಿನ ನೀರು ತಳವನ್ನು ಕೆಳಗಿನಿಂದ ಒತ್ತತೊಡಗುತ್ತದೆ. ಟೈಲ್ಸ್ ಕಳಚಿಕೊಳ್ಳುತ್ತವೆ, ಕಾಂಕ್ರೀಟ್ ಬಿರಿಯುತ್ತದೆ, ಫೈಬರ್ ಕೊಳವಾದರೆ ಇಡೀ ತೊಟ್ಟಿಯೇ ಮೇಲಕ್ಕೇಳಬಹುದು. ಇಷ್ಟೆಲ್ಲ ಮಾಡಿದರೂ ಪಾಚಿ ಪೈಪುಗಳಲ್ಲಿ, ಫಿಲ್ಟರಿನ ಮರಳಿನಲ್ಲಿ, ದೀಪದ ಗೂಡಿನ ಹಿಂದೆ ಉಳಿದೇ ಇರುತ್ತದೆ. ಕ್ಲೋರಿನ್ ಇಲ್ಲದ ಹೊಸ ನೀರು ಕೆಲವೇ ದಿನಗಳಲ್ಲಿ ಮತ್ತೆ ಹಸಿರಾಗುತ್ತದೆ.

ತಳ ಕಾಣದಷ್ಟು ಹಸಿರಾದ ನೀರನ್ನು ಕೂಡ ಎರಡು ದಿನದಿಂದ ಒಂದು ವಾರದೊಳಗೆ ತಿಳಿಗೊಳಿಸಬಹುದು. ಅದಕ್ಕೆ ಬೇಕಾದದ್ದು ಮೂರು: ಸರಿಯಾದ ಪ್ರಮಾಣದ ಕ್ಲೋರಿನ್, ಅದನ್ನು ಆ ಮಟ್ಟದಿಂದ ಇಳಿಯಗೊಡದ ಹಟ, ಮತ್ತು ನಿಲ್ಲದೆ ಓಡುವ ಫಿಲ್ಟರ್.

ಯಾರೂ ಇಳಿಯಕೂಡದು

ಕದಡಿದ ನೀರಿನಲ್ಲಿ ಮುಳುಗಿದವರು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಮಗುವೊಂದು ಸದ್ದಿಲ್ಲದೆ ತಳ ಸೇರಿದರೂ ಗೊತ್ತಾಗುವುದಿಲ್ಲ. ಕೊಳದ ಅತಿ ಆಳದ ಜಾಗದಲ್ಲಿರುವ ತೂಬಿನ ಜಾಲರಿ ದಡದಿಂದಲೇ ಸ್ಪಷ್ಟವಾಗಿ ಕಾಣುವವರೆಗೆ ಮನೆಯವರಾಗಲಿ, ಅತಿಥಿಗಳಾಗಲಿ, ಸ್ವಚ್ಛ ಮಾಡುವ ಕೆಲಸದವರಾಗಲಿ ನೀರಿಗೆ ಇಳಿಯಬಾರದು. ಈ ಕೆಲಸವನ್ನೆಲ್ಲ ದಡದಲ್ಲಿ ನಿಂತೇ, ಉದ್ದ ಕೋಲಿನ ಬ್ರಷ್ ಮತ್ತು ಬಲೆಯಿಂದ ಮಾಡಬಹುದು. ಹೋಂಸ್ಟೇ ನಡೆಸುವವರು ಅತಿಥಿಗಳ ಒತ್ತಾಯಕ್ಕೆ ಮಣಿದು ‘ಸ್ವಲ್ಪ ಮಬ್ಬಾಗಿದೆ, ಪರವಾಗಿಲ್ಲ’ ಎಂದು ಬಿಟ್ಟುಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಹಗ್ಗ ಕಟ್ಟಿ, ಫಲಕ ತೂಗುಹಾಕಿ, ಗೇಟಿಗೆ ಬೀಗ ಹಾಕಿ.

ಅದು ಪಾಚಿಯೇ ಎಂದು ಖಚಿತಪಡಿಸಿಕೊಳ್ಳಿ

ನೀರು ಹಸಿರಾಗಿ ಗೋಡೆ ಮುಟ್ಟಿದರೆ ಜಾರುತ್ತಿದ್ದರೆ ಪಾಚಿ, ಅನುಮಾನ ಬೇಡ. ಆದರೆ ನೀರು ಹಸಿರಾಗಿದ್ದೂ ತಳ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಲೋಹದ ಬಣ್ಣವಾಗಿರಬಹುದು. ನಮ್ಮ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿದೆ; ಮೇಲಕ್ಕೆ ಬಂದಾಗ ತಿಳಿಯಾಗಿದ್ದು, ಕ್ಲೋರಿನ್ ತಗುಲಿದ ಕೂಡಲೇ ಹಸಿರು ಮಿಶ್ರಿತ ಕಂದಾಗುತ್ತದೆ. ಪರೀಕ್ಷೆ ಸುಲಭ. ಬಿಳಿ ಬಕೆಟ್‌ನಲ್ಲಿ ಕೊಳದ ನೀರು ತುಂಬಿ, ಒಂದು ಚಮಚ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವರೂಪದ ಕ್ಲೋರಿನ್) ಹಾಕಿ, ಒಂದು ರಾತ್ರಿ ಬಿಡಿ. ಹಸಿರು ಹೋಗಿ ನೀರು ಬೂದು ಬಿಳಿಯಾದರೆ ಪಾಚಿ ಸತ್ತಿತೆಂದು ಅರ್ಥ. ತುಕ್ಕಿನ ಬಣ್ಣಕ್ಕೆ ತಿರುಗಿದರೆ ಕಬ್ಬಿಣ.

ಗೋಡೆಯ ಮೇಲೆ ಬೇರೂರಿದಂತೆ ಕಾಣುವ ಕಪ್ಪು ಚುಕ್ಕೆಗಳು ಇನ್ನೊಂದು ಬಗೆಯವು. ಅವು ಟೈಲ್ಸ್ ನಡುವಿನ ಗಾರೆಯಲ್ಲಿ ಹೊಕ್ಕಿರುತ್ತವೆ, ಮೇಲ್ಪದರ ಗಟ್ಟಿಯಾಗಿರುತ್ತದೆ, ತಿಕ್ಕದೆ ಕ್ಲೋರಿನ್ ಒಳಗಿಳಿಯುವುದಿಲ್ಲ. ನೆರಳಿನ ಬದಿಯಲ್ಲಿ ಹಳದಿ ಪುಡಿ ಉದುರಿಸಿದಂತೆ ಕಂಡು, ಬ್ರಷ್ ತಾಗಿದರೆ ಹೊಗೆಯಂತೆ ಎದ್ದು ಮತ್ತೆ ಅಲ್ಲೇ ಕೂರುವ ಪಾಚಿಯೂ ಇದೆ. ಚಿಕಿತ್ಸೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ತಿಕ್ಕುವ ಶ್ರಮ ಮಾತ್ರ ಬೇರೆ.

ನೀರಿನ ಅಳತೆ

ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ, 1,000ದಿಂದ ಮತ್ತೆ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ಕಡೆ 1 ಮೀಟರ್ ಮತ್ತೊಂದು ಕಡೆ 1.5 ಮೀಟರ್ ಆಳವಿದ್ದರೆ 8 × 4 × 1.25, ಅಂದರೆ 40,000 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ ಕೊಳದವು. ನಿಮ್ಮದು ಅರ್ಧವಿದ್ದರೆ ಅರ್ಧ ಮಾಡಿಕೊಳ್ಳಿ. ಇನ್ನೊಂದು ಲೆಕ್ಕ ನೆನಪಿರಲಿ: 1,000 ಲೀಟರ್ ನೀರಿಗೆ 1 ಗ್ರಾಂ ಕ್ಲೋರಿನ್ ಸೇರಿದರೆ 1 ಪಿಪಿಎಂ. ನಮ್ಮ ಕೊಳಕ್ಕೆ 1 ಪಿಪಿಎಂ ಎಂದರೆ 40 ಗ್ರಾಂ.

ಎಲೆ, ಮಡ್ಡಿ, ಗೊದಮೊಟ್ಟೆ

ಕ್ಲೋರಿನ್ ಪಾಚಿಯನ್ನಷ್ಟೇ ಹುಡುಕಿ ಕೊಲ್ಲುವುದಿಲ್ಲ. ಸಿಕ್ಕಿದ ಕೊಳೆಯ ಮೇಲೆಲ್ಲ ಖರ್ಚಾಗುತ್ತದೆ. ತಳದಲ್ಲಿ ಒಂದು ಬುಟ್ಟಿ ಕೊಳೆತ ಎಲೆ ಇದ್ದರೆ ನೀವು ಸುರಿದ ದುಡ್ಡಿನ ಬಹುಪಾಲು ಅಲ್ಲೇ ಕರಗಿತು. ಆದ್ದರಿಂದ ಮೊದಲ ದಿನವನ್ನು ಪೂರ್ತಿ ಇದಕ್ಕೇ ಕೊಡಿ. ಆಳವಾದ ಬಲೆಯನ್ನು ತಳದಲ್ಲಿ ನಿಧಾನವಾಗಿ ಎಳೆಯಿರಿ. ಕಾಣದಿದ್ದರೂ ಕೈಗೆ ತೂಕ ಗೊತ್ತಾಗುತ್ತದೆ. ಸ್ಕಿಮ್ಮರಿನ (ನೀರಿನ ಮೇಲ್ಮೈಯ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬುಟ್ಟಿ, ಪಂಪಿನ ಮುಂದಿನ ಜಾಲರಿ ಬುಟ್ಟಿ ಎರಡನ್ನೂ ಖಾಲಿ ಮಾಡಿ.

ಮಲೆನಾಡಿನ ಕೊಳಗಳಲ್ಲಿ ಈ ಹೊತ್ತಿಗೆ ಕಪ್ಪೆಗಳೂ ಗೊದಮೊಟ್ಟೆಗಳೂ ತುಂಬಿರುತ್ತವೆ. ರಾಸಾಯನಿಕ ಬೀಳುವ ಮೊದಲು ಅವನ್ನು ಬಲೆಯಲ್ಲಿ ಎತ್ತಿ, ಅದೇ ನೀರಿನ ಬಕೆಟ್‌ನಲ್ಲಿ ತೋಟದ ಹೊಂಡಕ್ಕೆ ಸಾಗಿಸಿ. ಅರ್ಧ ಗಂಟೆಯ ಕೆಲಸ. ಪಶ್ಚಿಮ ಘಟ್ಟದ ಕಪ್ಪೆಗಳಿಗೆ ಅಷ್ಟನ್ನಾದರೂ ನಾವು ಮಾಡಬೇಕು.

ಸೊಳ್ಳೆಯ ಮರಿಗಳಿಗೆ ಆ ಕರುಣೆ ಬೇಡ. ನಿಂತ ನೀರಿನ ಕೊಳ ಸೊಳ್ಳೆಗಳ ಮನೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ವಿಧಿಸುವ ನಿಯಮ ತಂದಿದೆ.

ಫಿಲ್ಟರನ್ನು ಸಿದ್ಧಗೊಳಿಸುವುದು

ಹೆಚ್ಚಿನ ಮನೆಗಳಲ್ಲಿರುವುದು ಮರಳಿನ ಫಿಲ್ಟರ್. ಅದರ ನೆತ್ತಿಯ ಮೇಲೆ ಅಥವಾ ಪಕ್ಕದಲ್ಲಿ ಹಿಡಿಕೆಯಿರುವ ವಾಲ್ವ್ ಇರುತ್ತದೆ. ಆ ಹಿಡಿಕೆಯನ್ನು ತಿರುಗಿಸುವ ಮುನ್ನ ಪ್ರತಿಸಲವೂ ಪಂಪ್ ಆಫ್ ಮಾಡಿ. ಓಡುತ್ತಿರುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಆಮೇಲೆ ಕೊಳೆ ನೀರು ಸೋಸದೆಯೇ ಮರಳಿ ಕೊಳಕ್ಕೇ ಬರುತ್ತದೆ, ಕಾರಣ ತಿಳಿಯದೆ ನೀವು ತಿಂಗಳುಗಟ್ಟಲೆ ಔಷಧಿ ಹಾಕುತ್ತೀರಿ.

ಬ್ಯಾಕ್‌ವಾಶ್‌ಗೆ (ಮರಳಿನಲ್ಲಿ ನೀರನ್ನು ಹಿಮ್ಮುಖವಾಗಿ ಹಾಯಿಸಿ ಕೊಳೆ ಹೊರಹಾಕುವ ಸ್ಥಾನ) ತಿರುಗಿಸಿ ಎರಡು ಮೂರು ನಿಮಿಷ, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಓಡಿಸಿ. ನಂತರ ರಿನ್ಸ್‌ಗೆ ತಿರುಗಿಸಿ ಅರ್ಧದಿಂದ ಒಂದು ನಿಮಿಷ. ಆಮೇಲೆ ಹಿಡಿಕೆಯನ್ನು ‘ಫಿಲ್ಟರ್’ ಸ್ಥಾನಕ್ಕೆ ತಂದು, ಒತ್ತಡದ ಮಾಪಕದ ಮುಳ್ಳು ಎಲ್ಲಿದೆ ನೋಡಿ, ಆ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ. ಅದು ಸ್ವಚ್ಛ ಫಿಲ್ಟರಿನ ಒತ್ತಡ. ಅಲ್ಲಿಂದ ಅರ್ಧ ಬಾರ್, ಅಂದರೆ 7–8 ಪಿಎಸ್‌ಐ ಏರಿದಾಗ ಮತ್ತೆ ಬ್ಯಾಕ್‌ವಾಶ್. ಅದಕ್ಕೂ ಮುಂಚೆ ಮಾಡುವುದು ಬೇಡ. ಸ್ವಲ್ಪ ಕೊಳೆ ಹಿಡಿದ ಮರಳೇ ಸಣ್ಣ ಕಣಗಳನ್ನು ಚೆನ್ನಾಗಿ ತಡೆಯುತ್ತದೆ.

ಇನ್ನು ಮುಂದೆ ನೀರು ತಿಳಿಯಾಗುವವರೆಗೆ ಪಂಪ್ ಹಗಲು ರಾತ್ರಿ ಓಡಬೇಕು. 1 ಅಶ್ವಶಕ್ತಿಯ ಪಂಪ್ ದಿನಕ್ಕೆ ಸುಮಾರು 20 ಯೂನಿಟ್ ವಿದ್ಯುತ್ ತಿನ್ನುತ್ತದೆ. ಟ್ಯಾಂಕರುಗಳ ಬಾಡಿಗೆಗೆ ಹೋಲಿಸಿದರೆ ಇದು ಏನೂ ಅಲ್ಲ. ಪಂಪ್ ಕೋಣೆಯ ವೈರಿಂಗಿಗೆ ಅರ್ಥಿಂಗ್ ಮತ್ತು ವಿದ್ಯುತ್ ಸೋರಿಕೆ ತಡೆಯುವ ಬ್ರೇಕರ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿ. ಮಳೆಗಾಲದಲ್ಲಿ ಇಲಿ ಕಡಿದ ವೈರುಗಳು ಅಲ್ಲಿ ಸಿಗುವುದು ಹೊಸದಲ್ಲ.

ಪಿಎಚ್ ಮೊದಲು, ಕ್ಲೋರಿನ್ ಆಮೇಲೆ

ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಕೊಲ್ಲುವ ಶಕ್ತಿ ಹೆಚ್ಚಿರುವ ಹೈಪೋಕ್ಲೋರಸ್ ಆಮ್ಲ, ಮತ್ತು ಮಂದವಾದ ಹೈಪೋಕ್ಲೋರೈಟ್. ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) 7.5ರಲ್ಲಿ ಇವು ಹೆಚ್ಚುಕಡಿಮೆ ಅರ್ಧ ಅರ್ಧ. ಪಿಎಚ್ 8 ದಾಟಿದರೆ ಚುರುಕಾದ ಪಾಲು ಕಾಲಿಗಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ಮೊದಲು ಪಿಎಚ್ 7.2ರ ಆಸುಪಾಸಿಗೆ ತನ್ನಿ. ಕ್ಲೋರಿನ್ ತುಂಬಾ ಏರಿದ ಮೇಲೆ ಪಿಎಚ್ ಪರೀಕ್ಷೆಯ ಕೆಂಪು ದ್ರಾವಣ ಸುಳ್ಳು ಬಣ್ಣ ತೋರಿಸುತ್ತದೆ ಎಂಬುದು ಈ ಕೆಲಸವನ್ನು ಮೊದಲೇ ಮುಗಿಸಲು ಇನ್ನೊಂದು ಕಾರಣ.

ಇಳಿಸಲು ಹೈಡ್ರೋಕ್ಲೋರಿಕ್ ಆ್ಯಸಿಡ್. 40,000 ಲೀಟರಿಗೆ ಒಮ್ಮೆಗೆ ಕಾಲು ಲೀಟರ್ ಸಾಕು. ಬಕೆಟ್‌ನಲ್ಲಿ ಮೊದಲು ನೀರು, ಅದಕ್ಕೆ ಆ್ಯಸಿಡ್. ಈ ಕ್ರಮ ಎಂದಿಗೂ ತಿರುವುಮುರುವಾಗಬಾರದು. ಕೈಗವಸು, ಕನ್ನಡಕ ಕಡ್ಡಾಯ. ನೀರು ಹೊರಬರುವ ನಳಿಕೆಯ ಮುಂದೆ ಸುರಿದು, ಒಂದೆರಡು ಗಂಟೆ ಬಿಟ್ಟು ಅಳೆಯಿರಿ. ಪಿಎಚ್ ಏರಿಸಬೇಕಾದರೆ ಸೋಡಾ ಆ್ಯಶ್. ಮಲೆನಾಡಿನ ಮೆದು ಮಳೆನೀರು ತುಂಬಿದ ಕೊಳದಲ್ಲಿ ಕ್ಷಾರೀಯತೆಯೂ (ಪಿಎಚ್ ಅಲುಗಾಡದಂತೆ ಹಿಡಿದಿಡುವ ಗುಣ) ಕುಸಿದು, ಪಿಎಚ್ ನಿಂತಲ್ಲಿ ನಿಲ್ಲದೆ ಏರಿಳಿಯುತ್ತದೆ. ಅದಕ್ಕೆ ಅಡುಗೆ ಸೋಡಾ ಮದ್ದು: ನಮ್ಮ ಕೊಳಕ್ಕೆ ಸುಮಾರು 670 ಗ್ರಾಂ ಹಾಕಿದರೆ ಕ್ಷಾರೀಯತೆ 10 ಪಿಪಿಎಂ ಏರುತ್ತದೆ. 80ರಿಂದ 120ರ ನಡುವೆ ಇದ್ದರೆ ಒಳ್ಳೆಯದು.

ಎಷ್ಟು ಕ್ಲೋರಿನ್? ಉತ್ತರ ಸ್ಟೆಬಿಲೈಜರಿನಲ್ಲಿದೆ

ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ಈಜುಕೊಳದ ಕ್ಲೋರಿನ್ ಎಂದರೆ ಸಾಮಾನ್ಯವಾಗಿ ಕೊಡುವುದು ಟಿಸಿಸಿಎ 90 ಎಂಬ ಬಿಳಿ ಪುಡಿ ಅಥವಾ ಬಿಲ್ಲೆ. ಅದರಲ್ಲಿ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಮ್ಲವೂ ಇರುತ್ತದೆ. ಇದನ್ನೇ ಸ್ಟೆಬಿಲೈಜರ್ ಎನ್ನುವುದು. ಬಿಸಿಲಿಗೆ ಕ್ಲೋರಿನ್ ಆರಿಹೋಗದಂತೆ ಇದು ಕಾಯುತ್ತದೆ. ಇದಿಲ್ಲದ ನೀರಿನಲ್ಲಿ ಮಧ್ಯಾಹ್ನದ ಬಿಸಿಲು ಗಂಟೆಯೊಳಗೆ ಅರ್ಧ ಕ್ಲೋರಿನ್ನನ್ನು ನುಂಗಿಬಿಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಉಪಕಾರ. ಆದರೆ ಅದು ಹಿಡಿದಿಟ್ಟ ಕ್ಲೋರಿನ್ ಪಾಚಿಯ ಮೇಲೆ ಬೀಳುವುದೂ ನಿಧಾನ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಸಯನ್ಯೂರಿಕ್ ಆಮ್ಲ ಹೋಗುವುದಿಲ್ಲ, ನೀರು ಆವಿಯಾದರೂ ಅದು ಉಳಿಯುತ್ತದೆ. ನಮ್ಮ 40,000 ಲೀಟರಿಗೆ ಪ್ರತಿ ಕಿಲೋ ಟಿಸಿಸಿಎ ಹಾಕಿದಾಗಲೂ ಅದು ಸುಮಾರು 14 ಪಿಪಿಎಂ ಏರುತ್ತದೆ. ಬೇಸಿಗೆಯಲ್ಲಿ ಎಂಟು ಕಿಲೋ ಹಾಕಿದವರ ಕೊಳದಲ್ಲಿ ಅದು 100 ದಾಟಿರುತ್ತದೆ. ಅಳೆದು ನೋಡಿದರೆ ಕ್ಲೋರಿನ್ 3 ಪಿಪಿಎಂ ಇದೆ, ನೀರು ಮಾತ್ರ ಹಸಿರು! ‘ಎಷ್ಟು ಹಾಕಿದರೂ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಇದೇ ಕಾರಣ.

ಸಯನ್ಯೂರಿಕ್ ಆಮ್ಲ ಅಳೆಯುವ ಕಿಟ್‌ನಲ್ಲಿ ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆ ಇರುತ್ತದೆ. ದ್ರಾವಣ ಬೆರೆಸಿದ ನೀರು ಮಬ್ಬಾಗುತ್ತದೆ. ಸುರಿಯುತ್ತ ಹೋದಂತೆ ಚುಕ್ಕೆ ಎಲ್ಲಿ ಮಾಯವಾಗುತ್ತದೋ ಅಲ್ಲಿನ ಅಂಕಿಯೇ ಅಳತೆ. ಕೊಳಕ್ಕಾಗಿ ಒಂದೇ ಒಂದು ಹೆಚ್ಚಿನ ಸಾಮಾನು ಕೊಳ್ಳುವುದಾದರೆ ಇದನ್ನು ಕೊಳ್ಳಿ.

ಪಾಚಿ ಕೊಲ್ಲಲು ಬೇಕಾದ ಕ್ಲೋರಿನ್ ಆ ಅಂಕಿಯ ಸುಮಾರು 40 ಶೇಕಡಾ. ಸಯನ್ಯೂರಿಕ್ ಆಮ್ಲ 30 ಇದ್ದರೆ ಕ್ಲೋರಿನ್ 12 ಪಿಪಿಎಂ, 50 ಇದ್ದರೆ 20. ನೂರರ ಹತ್ತಿರ ಅಥವಾ ಮೇಲಿದ್ದರೆ 40 ಪಿಪಿಎಂ ಹಿಡಿದಿಡುವುದು ದುಬಾರಿ. ಆಗ ಮಾತ್ರ ನೀರಿನ ಅರ್ಧದಷ್ಟನ್ನು ಹಂತಹಂತವಾಗಿ ಬದಲಿಸುವುದು ಸರಿ. ಒಮ್ಮೆಗೇ ಖಾಲಿ ಮಾಡುವುದಲ್ಲ. ಮಳೆಗಾಲವಿಡೀ ಉಕ್ಕಿ ಹರಿದ ಮಲೆನಾಡಿನ ಕೊಳದಲ್ಲಿ ಇದಕ್ಕೆ ತದ್ವಿರುದ್ಧ, ಸ್ಟೆಬಿಲೈಜರ್ ಕೊಚ್ಚಿಹೋಗಿರುತ್ತದೆ. ಅಲ್ಲಿ 1.2 ಕಿಲೋ ಸಯನ್ಯೂರಿಕ್ ಆಮ್ಲವನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ನಳಿಕೆಯ ಮುಂದೆ ತೂಗುಬಿಟ್ಟರೆ 30 ಪಿಪಿಎಂ ಆಗುತ್ತದೆ. ಕರಗುವುದು ನಿಧಾನ, ಆಗಾಗ ಹಿಂಡುತ್ತಿರಿ.

ಈ ಕೆಲಸಕ್ಕೆ ಟಿಸಿಸಿಎ ಬೇಡ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅಂದರೆ ಅಂಗಡಿಯವರು ಹೈಪೋ ಎನ್ನುವುದು, ಎಲ್ಲಕ್ಕಿಂತ ಒಳ್ಳೆಯದು. ನೀರಿಗೆ ಸ್ವಲ್ಪ ಉಪ್ಪು ಸೇರುವುದನ್ನು ಬಿಟ್ಟರೆ ಏನನ್ನೂ ಉಳಿಸುವುದಿಲ್ಲ. 10 ಶೇಕಡಾ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಕ್ಲೋರಿನ್ ಇದೆ. ಹಾಗಾಗಿ ನಮ್ಮ ಕೊಳವನ್ನು ಶೂನ್ಯದಿಂದ 12 ಪಿಪಿಎಂಗೆ ಏರಿಸಲು 4.8 ಲೀಟರ್ ಬೇಕು. ಹೈಪೋ ಬಿಸಿಲಿಗೂ ಸೆಖೆಗೂ ದಿನದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹೊಸ ಸರಕು ಕೇಳಿ, ನೆರಳಿನಲ್ಲಿಡಿ. ಅದು ಸಿಗದಿದ್ದರೆ 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 740 ಗ್ರಾಂ ಆದೀತು. ಆದರೆ ಕೊಳವೆಬಾವಿಯ ಗಡಸು ನೀರಿಗೆ ಅದು ಇನ್ನಷ್ಟು ಕ್ಯಾಲ್ಸಿಯಂ ಸೇರಿಸುತ್ತದೆ. ಗ್ರಾಮ ಪಂಚಾಯಿತಿಯವರು ಚರಂಡಿಗೆ ಹಾಕುವ ಸಾದಾ ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣವೇ ಹೆಚ್ಚು. ಅದನ್ನು ಸುರಿದರೆ ಹಸಿರು ಹೋಗಿ ಹಾಲಿನಂಥ ಬಿಳುಪು ಬರುತ್ತದೆ. ಅದೊಂದೇ ಗತಿಯಾದರೆ ಬಕೆಟ್‌ನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಳಸಿ.

ತೋಟದವರಿಗೆ ಒಂದು ವಿಶೇಷ ವಿನಂತಿ. ಅಡಿಕೆಯ ಕೊಳೆರೋಗಕ್ಕೆ, ಕಾಫಿಗೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮನೆಯಲ್ಲಿ ಇದ್ದೇ ಇರುತ್ತದೆ. ಅದು ಪಾಚಿಯನ್ನು ಕೊಲ್ಲುವುದೂ ನಿಜ. ಆದರೆ ಕೊಳಕ್ಕೆ ಹಾಕಬೇಡಿ. ತಾಮ್ರ ನೀರಿನಲ್ಲೇ ಉಳಿಯುತ್ತದೆ, ಗೋಡೆಗೆ ನೀಲಿ-ಹಸಿರು ಕಲೆ ಹತ್ತಿಸುತ್ತದೆ, ನರೆತ ಕೂದಲಿಗೂ ಬಣ್ಣ ಹಿಡಿಯುತ್ತದೆ. ಆ ನೀರು ಹಳ್ಳಕ್ಕೆ ಹರಿದರೆ ಮೀನುಗಳಿಗೆ ವಿಷ.

ಜೀವಕ್ಕೆ ಸಂಬಂಧಿಸಿದ ಮಾತು: ಹೈಪೋಗೆ ಆ್ಯಸಿಡ್ ತಾಗಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಒಂದಕ್ಕೆ ಬಳಸಿದ ಚೊಂಬು, ಬಕೆಟ್ ಇನ್ನೊಂದಕ್ಕೆ ಬೇಡ. ಒಂದೇ ಕಪಾಟಿನಲ್ಲಿ ಇಡುವುದೂ ಬೇಡ. ಕೆಲಸದವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಡಬ್ಬಿಗಳ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ.

ಹಾಕುವುದು, ತಿಕ್ಕುವುದು, ಮತ್ತೆ ಹಾಕುವುದು

ಸಂಜೆ ಬಿಸಿಲು ಇಳಿದ ಮೇಲೆ ಶುರುಮಾಡಿ. ಪಂಪ್ ಓಡುತ್ತಿರಲಿ. ಹೈಪೋವನ್ನು ನಳಿಕೆಯ ಮುಂದೆ ತೆಳ್ಳಗೆ ಸುರಿಯಿರಿ. ಕೂಡಲೇ ಬ್ರಷ್ ಹಿಡಿದು ಗೋಡೆ, ತಳ, ಮೆಟ್ಟಿಲು, ಏಣಿಯ ಹಿಂಭಾಗ, ಸ್ಕಿಮ್ಮರಿನ ಬಾಯಿ, ದೀಪದ ಸುತ್ತ ಎಲ್ಲ ತಿಕ್ಕಿ. ಪಾಚಿ ಗೋಡೆಗೆ ಅಂಟಿದ್ದಾಗ ಮೇಲಿನ ಲೋಳೆ ಅದಕ್ಕೆ ಕವಚ. ಕಿತ್ತು ನೀರಿಗೆ ತೇಲಿಬಿಟ್ಟರೆ ಕ್ಲೋರಿನ್ನಿಗೆ ಸಿಗುತ್ತದೆ. ಟೈಲ್ಸ್, ಫೈಬರ್‌ಗಳಿಗೆ ನೈಲಾನ್ ಬ್ರಷ್. ಸ್ಟೀಲ್ ಬ್ರಷ್ ಒರಟು ಸಿಮೆಂಟಿನ ಮೇಲಿನ ಕಪ್ಪು ಚುಕ್ಕೆಗಳಿಗೆ ಮಾತ್ರ.

ಒಂದು ಗಂಟೆ ಬಿಟ್ಟು ಕ್ಲೋರಿನ್ ಅಳೆಯಿರಿ. 12 ಇದ್ದದ್ದು 3ಕ್ಕೆ ಇಳಿದಿರುವುದನ್ನು ಕಂಡು ಎದೆಗುಂದಬೇಡಿ, ಅದು ಕೆಲಸ ಮಾಡುತ್ತಿರುವುದರ ಗುರುತು. ಮತ್ತೆ 12ಕ್ಕೆ ಏರಿಸಿ. ಮೊದಲ ದಿನ ಒಂದೆರಡು ಗಂಟೆಗೊಮ್ಮೆ, ಆಮೇಲೆ ದಿನಕ್ಕೆ ಮೂರು ನಾಲ್ಕು ಸಲ ಹೀಗೆಯೇ. ಒಂದು ಸಲ ಭಾರಿ ಪ್ರಮಾಣ ಸುರಿದು, ವಾರ ಬಿಟ್ಟು ಬಂದು ನೋಡುವ ಪದ್ಧತಿಯಿಂದ ಪಾಚಿ ಅರೆಜೀವವಾಗುತ್ತದೆ, ಸಾಯುವುದಿಲ್ಲ. ಕ್ಲೋರಿನ್ ಇಳಿದ ರಾತ್ರಿಯೇ ಅದು ಚೇತರಿಸಿಕೊಂಡು ಮತ್ತೆ ಹಬ್ಬುತ್ತದೆ.

ಅಳತೆಯಲ್ಲಿ ಒಂದು ಮೋಸವಿದೆ. ಗುಲಾಬಿ ಬಣ್ಣಕ್ಕೆ ತಿರುಗುವ ಡಿಪಿಡಿ ಮಾತ್ರೆಯ ಕಿಟ್‌ನಲ್ಲಿ ಕ್ಲೋರಿನ್ ಅತಿಯಾದರೆ ಬಣ್ಣವೇ ಬೆಳ್ಳಗಾಗಿ, ಏನೂ ಇಲ್ಲವೆಂದು ತೋರುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಹಳದಿ ಬಣ್ಣದ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆಯೇ ಹೊರತು ಕೆಲಸಕ್ಕೆ ಉಳಿದಿರುವುದನ್ನು ಬೇರೆ ಮಾಡಿ ಹೇಳುವುದಿಲ್ಲ. ದಿನನಿತ್ಯಕ್ಕೆ ಅದು ಸಾಕು, ಈ ಕೆಲಸಕ್ಕೆ ಸಾಲದು.

ಒಂದೆರಡು ದಿನಗಳಲ್ಲಿ ಕಡುಹಸಿರು ತಿಳಿಹಸಿರಾಗಿ, ಆಮೇಲೆ ಬೂದು-ಬಿಳಿಯಾಗುತ್ತದೆ. ಒತ್ತಡ ಬೇಗಬೇಗ ಏರುತ್ತದೆ. ಈ ಹಂತದಲ್ಲಿ ದಿನಕ್ಕೆ ಎರಡು ಸಲ ಬ್ಯಾಕ್‌ವಾಶ್ ಬೇಕಾಗಬಹುದು. ಆ ನೀರನ್ನು ಹಳ್ಳಕ್ಕಾಗಲಿ, ಬಾವಿಯ ಬಳಿಗಾಗಲಿ, ಮೀನಿನ ಹೊಂಡಕ್ಕಾಗಲಿ ಬಿಡಬೇಡಿ. ಬಿಸಿಲು ಬೀಳುವ ಕಡೆ ಗುಂಡಿ ತೆಗೆದು ಎರಡು ದಿನ ನಿಲ್ಲಿಸಿದರೆ ಕ್ಲೋರಿನ್ ಆರುತ್ತದೆ.

ಪಾಚಿ ಸತ್ತಿದೆಯೇ ಎಂದು ಕಣ್ಣಿನಿಂದ ತೀರ್ಮಾನಿಸಬೇಡಿ. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದು ಬರೆದಿಡಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಹಾಗಾಗಿ ಕ್ಲೋರಿನ್ ಇಳಿದಿದ್ದರೆ ಅದನ್ನು ತಿಂದದ್ದು ಜೀವವಿರುವ ಪಾಚಿ ಅಥವಾ ಕೊಳೆಯೇ. ಇಳಿಕೆ 1 ಪಿಪಿಎಂಗಿಂತ ಕಡಿಮೆ ಇದ್ದರೆ, ಮತ್ತು ನೀರು ತಿಳಿಯಾಗಿದ್ದರೆ, ಕ್ಲೋರಿನ್ ತಾನಾಗಿ ಇಳಿಯಲು ಬಿಡಬಹುದು. 5 ಪಿಪಿಎಂ ಅಥವಾ ಅದಕ್ಕಿಂತ ಕೆಳಗೆ ಬಂದ ಮೇಲೆ ಈಜಿ.

ಹಸಿರು ಹೋಯಿತು, ಮಬ್ಬು ಉಳಿಯಿತು

ಸತ್ತ ಪಾಚಿಯ ಕಣಗಳು ಬಹಳ ಸಣ್ಣವು. ಫಿಲ್ಟರ್ ಅವನ್ನು ಹಿಡಿಯಲು ನಾಲ್ಕೈದು ದಿನ ಬೇಕಾದೀತು. ಸಮಯವಿದ್ದರೆ ಕಾಯುವುದೇ ಉತ್ತಮ. ಇಲ್ಲದಿದ್ದರೆ ಪಟಿಕ, ಅಂದರೆ ಆಲಂ. ಬಗ್ಗಡ ನೀರಿನ ಬಿಂದಿಗೆಯಲ್ಲಿ ಪಟಿಕದ ತುಂಡನ್ನು ಆಡಿಸಿ ತಿಳಿಗೊಳಿಸುವುದು ನಮ್ಮ ಹಳ್ಳಿಗಳಲ್ಲಿ ಎಂದಿನಿಂದಲೂ ಗೊತ್ತಿದ್ದ ವಿದ್ಯೆ. ಕೊಳದಲ್ಲಿ ನಡೆಯುವುದೂ ಅದೇ.

ಕಬ್ಬಿಣದ ಅಂಶವಿಲ್ಲದ ಬಿಳಿ ಆಲಂ ಆರಿಸಿ. 1,000 ಲೀಟರಿಗೆ 50 ಗ್ರಾಂ, ನಮ್ಮ ಕೊಳಕ್ಕೆ 2 ಕಿಲೋ. ಆಲಂ ಪಿಎಚ್ ಇಳಿಸುತ್ತದೆ, ಆದ್ದರಿಂದ ಮೊದಲೇ 7.5ರ ಸುತ್ತ ಇಟ್ಟುಕೊಳ್ಳಿ. ವಾಲ್ವ್ ಹಿಡಿಕೆಯನ್ನು ರೀಸರ್ಕ್ಯುಲೇಟ್‌ಗೆ ತಿರುಗಿಸಿ, ನೀರು ಮರಳಿನೊಳಗೆ ಹೋಗದಂತೆ ಮಾಡಿ. ಹೋದರೆ ಅಂಟು ಹಿಡಿದು ಮರಳು ಗಟ್ಟಿಯಾಗುತ್ತದೆ. ಬಕೆಟ್‌ನಲ್ಲಿ ಕರಗಿಸಿದ ಆಲಂ ಅನ್ನು ಅಂಚಿನುದ್ದಕ್ಕೂ ಸುರಿದು, ಒಂದೆರಡು ಗಂಟೆ ಬೆರೆಯಲು ಬಿಟ್ಟು, ಪಂಪ್ ನಿಲ್ಲಿಸಿ. ರಾತ್ರಿಯಿಡೀ ಯಾರೂ ನೀರು ಕಲಕಬಾರದು. ಬೆಳಗ್ಗೆ ಮೇಲೆ ತಿಳಿನೀರು, ತಳದಲ್ಲಿ ಹತ್ತಿಯಂಥ ಗಸಿ ಕಾಣುತ್ತದೆ. ಹಿಡಿಕೆಯನ್ನು ವೇಸ್ಟ್‌ಗೆ ತಿರುಗಿಸಿ, ವ್ಯಾಕ್ಯೂಮ್ ತಲೆಯನ್ನು ತಳದ ಮೇಲೆ ಬಹಳ ನಿಧಾನವಾಗಿ ಎಳೆಯುತ್ತ ಗಸಿಯನ್ನು ನೇರ ಹೊರಕ್ಕೆ ಹಾಕಿ. ಅವಸರ ಮಾಡಿದರೆ ಗಸಿ ಎದ್ದು ಮತ್ತೆ ಒಂದು ರಾತ್ರಿ ಕಾಯಬೇಕಾಗುತ್ತದೆ. ಕಬ್ಬಿಣದ ಬಣ್ಣವಿದ್ದ ನೀರಿಗೂ ಇದೇ ಕ್ರಮ ನಡೆಯುತ್ತದೆ.

ಕ್ಲೋರಿನ್ ರಾತ್ರಿಯಿಡೀ ನಿಲ್ಲುತ್ತದೆ, ಆದರೂ ವಾರಗಟ್ಟಲೆ ಮಬ್ಬು ಎಂದಾದರೆ ಎರಡು ಕಡೆ ನೋಡಿ. ಗಡಸು ನೀರು ಮತ್ತು 7.8ಕ್ಕಿಂತ ಮೇಲಿನ ಪಿಎಚ್ ಸೇರಿದರೆ ಸುಣ್ಣದ ಅಂಶವೇ ಬಿಳಿ ಮಬ್ಬಾಗಿ ತೇಲುತ್ತದೆ; ಪಿಎಚ್ ಇಳಿಸಿದರೆ ಕರಗುತ್ತದೆ. ಇನ್ನೊಂದು, ಫಿಲ್ಟರಿನ ಮರಳು. ನಮ್ಮ ಜನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ನೀರಿಗಿಳಿಯುತ್ತಾರೆ. ಆ ಎಣ್ಣೆ ಮರಳಿನಲ್ಲಿ ಸೇರಿ ಹೆಂಟೆ ಕಟ್ಟುತ್ತದೆ, ಹೆಂಟೆಗಳ ಸಂದಿನಲ್ಲಿ ನೀರು ದಾರಿ ಮಾಡಿಕೊಂಡು ಸೋಸದೆಯೇ ಹೊರಬರುತ್ತದೆ. ಫಿಲ್ಟರ್ ತೆರೆದು ಕೈಹಾಕಿ ನೋಡಿ. ಮರಳು ಸಡಿಲವಾಗಿ ಬೆರಳಿನ ನಡುವೆ ಜಾರಬೇಕು. ಐದರಿಂದ ಏಳು ವರ್ಷಕ್ಕೊಮ್ಮೆ ಬದಲಿಸಬೇಕು. ನದಿಯ ಮರಳಲ್ಲ, ಫಿಲ್ಟರಿಗೆಂದೇ ಬರುವ ಸಿಲಿಕಾ ಮರಳು. ಈಜುವ ಮೊದಲು ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬ ನಿಯಮ ಇದ್ದರೆ ಈ ತೊಂದರೆ ಅರ್ಧ ಕಡಿಮೆ.

ಮುಂದಕ್ಕೆ

ಸಯನ್ಯೂರಿಕ್ ಆಮ್ಲ 30–50ರ ನಡುವೆ ಇರುವಾಗ ಕ್ಲೋರಿನ್ 3ರಿಂದ 5 ಪಿಪಿಎಂ, ಪಿಎಚ್ 7.2ರಿಂದ 7.6. ಬಿಸಿಲಿನ ದಿನ 2ರಿಂದ 4 ಪಿಪಿಎಂ ಕರಗುತ್ತದೆ, ಅಂದರೆ ದಿನಕ್ಕೆ 800 ಮಿಲಿಯಿಂದ 1.6 ಲೀಟರ್ ಹೈಪೋ. ಸಂಜೆ ಹಾಕುವುದು ಲಾಭ. ಪಂಪ್ ದಿನಕ್ಕೆ ಆರರಿಂದ ಎಂಟು ಗಂಟೆ, ಬ್ರಷ್ ವಾರಕ್ಕೊಮ್ಮೆ. ತೋಟದ ಗೊಬ್ಬರದ ನೀರು ಹರಿದು ಕೊಳಕ್ಕೆ ಸೇರದಂತೆ ಸುತ್ತ ಸಣ್ಣ ಕಾಲುವೆ ತೆಗೆಯಿರಿ. ರಂಜಕ ಮತ್ತು ಸಾರಜನಕ ಪಾಚಿಗೂ ಗೊಬ್ಬರವೇ. ಯಾರೂ ಈಜದ ಮಳೆಗಾಲದಲ್ಲಿಯೂ ಕ್ಲೋರಿನ್ ಶೂನ್ಯಕ್ಕೆ ಇಳಿಯಬಾರದು, ಪಂಪ್ ದಿನಕ್ಕೆ ಎರಡು ಮೂರು ಗಂಟೆಯಾದರೂ ಓಡಬೇಕು. ಗಾಳಿಮಳೆಗೆ ಕಂಬ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿದ್ದರೆ ಒಂದು ಲೀಟರ್ ಹೈಪೋವನ್ನು ಬಕೆಟ್ ನೀರಿಗೆ ಬೆರೆಸಿ, ಅಂಚಿನುದ್ದಕ್ಕೂ ಸುರಿದು, ಉದ್ದ ಕೋಲಿನ ಬ್ರಷ್‌ನಿಂದ ನೀರನ್ನು ಹತ್ತು ನಿಮಿಷ ಕಲಕಿ ಬನ್ನಿ.